ಬ್ರೇಕ್ ಪೆಡಲ್ ಒಳಗೆ ಇಳಿಯುತ್ತಿದೆಯಾ? ಮಾಸ್ಟರ್ ಸಿಲಿಂಡರ್ ಬಿಚ್ಚುವ ಮುಂಚೆ ಇಷ್ಟು ನೋಡಿ

ನಮ್ಮ ಗಂಗಾವತಿ ಕಡೆ ಭತ್ತದ ಸೀಸನ್ ಬಂತು ಅಂದರೆ ಚಿಕ್ಕ ಲಾರಿಗಳಿಗೆ ಬಿಡುವೇ ಇರುವುದಿಲ್ಲ. ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು. ರಸ್ತೆ ಹೆಚ್ಚೂಕಡಿಮೆ ತಟ್ಟೆಯ ಹಾಗೆ ಸಮ. ಹಂಪ್ ಬಂದಾಗ ಬಿಟ್ಟರೆ ಬ್ರೇಕಿಗೆ ಅಂಥಾ ಕೆಲಸ ಬೀಳುವುದಿಲ್ಲ. ಅದಕ್ಕೇ ಪೆಡಲ್ ಕೆಡುತ್ತಿರುವುದು ಗೊತ್ತಾಗುವುದೂ ತಡ. "ಎರಡು ಸಲ ಹೊಡದ್ರ ಹಿಡಿತೈತಿ ಬಿಡಣ್ಣ" ಅಂತ ಡ್ರೈವರ್ ಹೇಳುತ್ತಾನೆ. ನಾವೂ ಹೂಂ ಅನ್ನುತ್ತೇವೆ. ಅದೇ ಗಾಡಿ ಒಂದು ದಿನ ಲೋಡು ಹೊತ್ತು ಸಂಡೂರಿನ ಗುಡ್ಡದ ಕಡೆ ಇಳಿಯುವಾಗ ಎರಡನೇ ಸಲ ಹೊಡೆಯಲು ಟೈಮ್ ಇರುವುದಿಲ್ಲ.

ನಾನು ಮಿಸ್ತ್ರಿ ಅಲ್ಲ. ಆರು ಗಾಲಿಯ ಒಂದು ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುವವನು. ಕೆಡದ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ಲನ್ನು ಗಾಲಿಗಳ ಕಡೆ ತಳ್ಳುವ ಪಂಪು) ಬದಲಿಸಿ ದುಡ್ಡು ಕಳೆದುಕೊಂಡವನು ಕೂಡ. ಆ ಕಥೆ ಮುಂದೆ ಬರುತ್ತದೆ. ಅವತ್ತು ಕಲಿತದ್ದು ಇಷ್ಟೇ. "ಪೆಡಲ್ ಹೋಗಿದೆ" ಅಂದರೆ ಸಾಲದು. ಹೇಗೆ ಹೋಗುತ್ತಿದೆ ಅಂತ ಕಾಲಿಗೆ ಗೊತ್ತಾಗಬೇಕು. ಪಾನಾ ಕೈಗೆ ತೆಗೆದುಕೊಳ್ಳುವುದು ಆಮೇಲೆ.

ಇದು ಯಾವ ಗಾಡಿಗೆ?

ಬ್ರೇಕ್ ಆಯಿಲ್ ಮೇಲೆ ಕೆಲಸ ಮಾಡುವ ಗಾಡಿಗಳಿಗೆ. ಟಾಟಾ ಏಸ್, ಬೊಲೆರೊ ಪಿಕಪ್, 407 ಸೈಜಿನವು ಸಾಮಾನ್ಯವಾಗಿ ಇದೇ ಜಾತಿ. ತೋರಣಗಲ್ಲು ಕಡೆ ಅದಿರು ಹೊಡೆಯುವ ದೊಡ್ಡ ಟಿಪ್ಪರ್‌ಗಳದ್ದು ಏರ್ ಬ್ರೇಕ್, ಅದರ ಲೆಕ್ಕವೇ ಬೇರೆ. ಬಾನೆಟ್ ಕೆಳಗೆ ಆಯಿಲ್ ಬಾಟಲಿ ಕಂಡಿತು ಅಂತ ಆಯಿಲ್ ಬ್ರೇಕ್ ಅಂದುಕೊಳ್ಳಬೇಡಿ, ಅದು ಕ್ಲಚ್ಚಿನದೂ ಇರಬಹುದು. ಡ್ಯಾಶ್‌ಬೋರ್ಡಿನಲ್ಲಿ ಏರ್ ಮೀಟರ್ ಇದ್ದು, ಪೆಡಲ್ ಬಿಟ್ಟಾಗ "ಸ್ಸ್" ಅಂತ ಗಾಳಿ ಹೋದರೆ ಅದು ಏರ್ ಗಾಡಿ. ಏರೂ ಆಯಿಲ್ಲೂ ಎರಡೂ ಸೇರಿದ ಗಾಡಿಗಳೂ ಇವೆ. ಅಂಥದ್ದಾದರೆ ನೇರ ಮಿಸ್ತ್ರಿ ಹತ್ತಿರ ಹೋಗಿ.

ಓಡುತ್ತಿರುವಾಗಲೇ ಪೆಡಲ್ ಇಳಿದರೆ

ಆಕ್ಸಿಲರೇಟರ್ ಬಿಡಿ. ಪೆಡಲನ್ನು ಪಟಪಟ ಅಂತ ಪಂಪ್ ಮಾಡಿ, ಸ್ವಲ್ಪವಾದರೂ ಮೇಲೆ ಬರಬಹುದು. ಗೇರು ಒಂದೊಂದೇ ಇಳಿಸಿ. ನ್ಯೂಟ್ರಲ್ ಬೇಡ. ಎಂಜಿನ್ ಆಫ್ ಮಾಡುವುದು ಬೇಡವೇ ಬೇಡ, ಬೂಸ್ಟರೂ (ಕಾಲಿನ ಒತ್ತಕ್ಕೆ ಬಲ ಕೊಡುವ ಡಬ್ಬಿ) ಪವರ್ ಸ್ಟೀರಿಂಗೂ ಅದರ ಜೊತೆಗೇ ಹೋಗುತ್ತವೆ. ಈ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ನಡೆಯುತ್ತದೆ, ಆಯಿಲ್ ಖಾಲಿ ಆದರೂ ಅದು ಇರುತ್ತದೆ. ಗಕ್ಕನೆ ಎಳೆದರೆ ಹಿಂದಿನ ಗಾಲಿ ಜಾಮ್ ಆಗಿ ಗಾಡಿ ತಿರುಗುತ್ತದೆ. ಗುಂಡಿ ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಹಾರ್ನ್, ಲೈಟು ಹಾಕಿಕೊಂಡು ಎಡಕ್ಕೆ ಬನ್ನಿ. ಏರು ಅಥವಾ ಮೆತ್ತನೆ ಮಣ್ಣು ಸಿಕ್ಕರೆ ಅಲ್ಲಿಗೆ ಹತ್ತಿಸಿ.

ನಿಂತ ಮೇಲೆ ಗಾಲಿಗೆ ಕಲ್ಲು ಕೊಡಿ. "ಸ್ವಲ್ಪ ಆರಿದ ಮೇಲೆ ನಿಧಾನಕ್ಕೆ ಹೋಗೋಣ" ಅನ್ನುವ ಮಾತು ಯಾರಾದರೂ ತೆಗೆದರೆ ಕೇಳಬೇಡಿ.

ಮೊದಲ ನೋಟ: ಬಾಟಲಿ

ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಬ್ರೇಕ್ ಆಯಿಲ್ ಬಾಟಲಿ ನೋಡಿ. ಮೇಲಿನ ಗೆರೆ, ಕೆಳಗಿನ ಗೆರೆ ಎರಡರ ಮಧ್ಯೆ ಇರಬೇಕು. ಲೈನರ್ (ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಪಟ್ಟಿ), ಪ್ಯಾಡ್ (ಡಿಸ್ಕಿಗೆ ಒತ್ತುವುದು) ಸವೆದ ಹಾಗೆ ತಿಂಗಳುಗಟ್ಟಲೆ ಕಾಲದಲ್ಲಿ ಸ್ವಲ್ಪ ಇಳಿಯುವುದು ಸಹಜ. ವಾರದಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸುಮ್ನೆ ತುಂಬಿಸಿ ಮುಚ್ಚಳ ಹಾಕಿದರೆ ಸೋರಿಕೆ ನಿಲ್ಲುವುದಿಲ್ಲ. ನಮ್ಮ ಕಣ್ಣಿಗೆ ಕಾಣದಂತೆ ಆಗುತ್ತದೆ, ಅಷ್ಟೇ.

ಬಣ್ಣವನ್ನೂ ನೋಡಿ. ಹೊಸದು ತಿಳಿ ಜೇನಿನ ಹಾಗಿರುತ್ತದೆ. ಚಹಾ ಡಿಕಾಕ್ಷನ್ ಹಾಗೆ ಕಪ್ಪಾಗಿದ್ದರೆ ಬದಲಿಸುವ ಕಾಲ ಯಾವಾಗಲೋ ಬಂದು ಹೋಗಿದೆ.

ಯಾವ ಆಯಿಲ್ ಅಂತ ಮುಚ್ಚಳದ ಮೇಲೇ ಬರೆದಿರುತ್ತದೆ, ಡಾಟ್ 3 ಅಥವಾ ಡಾಟ್ 4. ಅದನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ಅರ್ಧ ಖಾಲಿಯಾಗಿ ಕ್ಯಾಬಿನ್ನಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಡಬ್ಬಿ ಬೇಡ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಕುಡಿಯುತ್ತದೆ.

ಒಮ್ಮೆ ನಮ್ಮ ಕ್ಲೀನರ್ ಹುಡುಗ ಒಳ್ಳೆಯದು ಮಾಡಲು ಹೋಗಿ ಸ್ಟೀರಿಂಗ್ ಆಯಿಲ್ ಸುರಿದಿದ್ದ. ಎರಡು ದಿನ ಬಿಟ್ಟು ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿ ಕೂತಿತ್ತು. ಮುಚ್ಚಳದ ರಬ್ಬರ್ ಉಬ್ಬಿದೆ ಅಂದರೆ ಮಾಸ್ಟರ್‌ನಿಂದ ಹಿಡಿದು ಗಾಲಿಯವರೆಗಿನ ಎಲ್ಲ ರಬ್ಬರಿನದೂ ಅದೇ ಗತಿ. ಆಯಿಲ್ ಬದಲಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಲೈನ್ ಪೂರ್ತಿ ತೊಳೆದು, ಕಪ್ಪು (ಸಿಲಿಂಡರಿನೊಳಗಿನ ರಬ್ಬರ್ ಸೀಲು), ಹೋಸು (ರಬ್ಬರ್ ಪೈಪು), ಸಿಲಿಂಡರ್ ಎಲ್ಲ ಹೊಸದು ಹಾಕಬೇಕು. ಎಂಜಿನ್ ಆಯಿಲ್ಲು, ಡೀಸೆಲ್ಲು ಬಿದ್ದರೂ ಇದೇ ಕಥೆ. ತಪ್ಪು ಆಯಿಲ್ ಬಿದ್ದದ್ದು ಗೊತ್ತಾದ ಕ್ಷಣ ಪೆಡಲ್ ಮುಟ್ಟಬೇಡಿ. ತುಳಿದರೆ ಅದು ಕೆಳಗಿನ ಲೈನಿಗೆ ಇಳಿಯುತ್ತದೆ.

ಕಾಲಿನ ಪರೀಕ್ಷೆ

ಗಾಡಿ ನಿಂತಿರಲಿ, ಗಾಲಿಗೆ ಕಲ್ಲು ಕೊಟ್ಟಿರಲಿ, ಎಂಜಿನ್ ಆಫ್. ಐದಾರು ಸಲ ಪೂರ್ತಿ ತುಳಿದು ಬಿಡಿ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿ ಆಗುತ್ತದೆ, ಪೆಡಲ್ ಗಟ್ಟಿ ಆಗುತ್ತದೆ. ಈಗ ಹದವಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ತಮಾಷೆ ಅಲ್ಲ.

ನಿಧಾನವಾಗಿ ಕೆಳಗೆ ಜಾರುತ್ತಿದೆಯಾ? ಮೊದಲನೇ ಸಲ ಕೆಳಗೆ ಹೋಗಿ ಎರಡನೇ ಸಲಕ್ಕೆ ಮೇಲೆ ಬಂದು ಗಟ್ಟಿಯಾಗಿ ನಿಲ್ಲುತ್ತಿದೆಯಾ? ಇಲ್ಲ, ಎಷ್ಟು ಹೊಡೆದರೂ ಸ್ಪಂಜಿನ ಹಾಗೆ ಪುಟಿಯುತ್ತಿದೆಯಾ? ಮೂರೂ ಬೇರೆ ಬೇರೆ ರೋಗ.

ಇನ್ನೊಂದು ಇದೆ, ಅದು ರೋಗವೇ ಅಲ್ಲ. ಪೆಡಲ್ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿದರೆ ಕಾಲು ಸ್ವಲ್ಪ ಕೆಳಗೆ ಇಳಿದು ನಿಲ್ಲುತ್ತದೆ. ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅದರರ್ಥ. ಇದನ್ನೇ ನೋಡಿ ಹೆದರಿ ಗ್ಯಾರೇಜಿಗೆ ಓಡಿದವರಿದ್ದಾರೆ. ಇಳಿದು ನಿಲ್ಲದೆ ನೆಲದವರೆಗೂ ಹೋದರೆ ಮಾತ್ರ ಚಿಂತೆ.

ಎರಡನೇ ಸಲ ತುಳಿದರೆ ಮೇಲೆ ಬರುತ್ತದೆ

ನಮ್ಮ ಗಾಡಿಗಳಲ್ಲಿ ಜಾಸ್ತಿ ಕಾಣುವುದು ಇದೇ. ಅಗ್ಗದಲ್ಲಿ ಮುಗಿಯುವುದೂ ಇದೇ. ಲೈನರ್ ಸವೆದು ಡ್ರಮ್ಮಿಗೂ ಅದಕ್ಕೂ ನಡುವೆ ಸಂದು ದೊಡ್ಡದಾಗಿದೆ. ಮೊದಲ ತುಳಿತದ ಆಯಿಲ್ ಪೂರ್ತಿ ಆ ಸಂದು ತುಂಬಿಸಲಿಕ್ಕೇ ಹೋಗುತ್ತದೆ. ಎರಡನೆಯದು ಹಿಡಿಯುತ್ತದೆ.

ತನ್ನಷ್ಟಕ್ಕೆ ಅಡ್ಜಸ್ಟ್ ಆಗುವ ಗಾಡಿಯಾದರೂ ನಂಬಬೇಡಿ. ಬಳ್ಳಾರಿ, ಸಂಡೂರಿನ ಕೆಂಪು ಧೂಳು ಆ ಅಡ್ಜಸ್ಟರ್‌ನ ಹಲ್ಲಿನಲ್ಲಿ ಕೂತು ಗಟ್ಟಿಯಾಗಿ ಬಿಡುತ್ತದೆ. ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿ. ಲೈನರ್ ಸ್ವಲ್ಪವೂ ತಾಗದೆ ಬುಗುರಿಯ ಹಾಗೆ ತಿರುಗಿದರೆ ಸಂದು ಜಾಸ್ತಿ ಇದೆ. ಕೈಯಲ್ಲಿ ಟೈಟ್ ಮಾಡುವ ಜಾತಿಯಾದರೆ ಹಿಂದಿನ ಪ್ಲೇಟಿನ ಕಿಂಡಿಯಿಂದ ಸ್ಕ್ರೂಡ್ರೈವರ್ ಹಾಕಿ ಗಾಲಿ ನಿಲ್ಲುವವರೆಗೆ ತಿರುಗಿಸಿ, ಆಮೇಲೆ ಗಾಲಿ ಬಿಡುವಷ್ಟು ಹಿಂದಕ್ಕೆ ತನ್ನಿ. "ಸರ್" ಅಂತ ಸಣ್ಣಗೆ ಸವರಿದ ಸದ್ದು ಕೇಳಿದರೆ ಸರಿ. ಎರಡೂ ಕಡೆ ಒಂದೇ ಸಮ ಇರಲಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಮಾಡಿದರೆ ಬ್ರೇಕ್ ಹಿಡಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಜಾಕ್ ಒಂದರ ಮೇಲೇ ನಿಲ್ಲಿಸಿ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಕೊಡಿ, ಉಳಿದ ಗಾಲಿಗೆ ಕಲ್ಲು ಕೊಡಿ.

ಡ್ರಮ್ ಬಿಚ್ಚಿದಾಗ ಲೈನರಿನ ರಿವೆಟ್ ತಲೆ ಮೇಲಕ್ಕೆ ಬಂದಿದೆಯಾ ನೋಡಿ. ಡ್ರಮ್ಮನ್ನು ಲೇತ್ ಹಿಡಿಸಿ ಹಿಡಿಸಿ ತೆಳ್ಳಗಾಗಿಸಿದ್ದರೆ ಹೊಸ ಲೈನರ್ ಹಾಕಿದರೂ ಪೆಡಲ್ ಕೆಳಗೇ ಇರುತ್ತದೆ. ಎಷ್ಟರವರೆಗೆ ಹಿಡಿಸಬಹುದು ಅನ್ನುವ ಅಳತೆ ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಅಚ್ಚಾಗಿರುತ್ತದೆ. ಒಳಗಿನ ಧೂಳನ್ನು ಏರ್ ಹೊಡೆದೋ ಬಾಯಿಂದ ಊದಿಯೋ ಹಾರಿಸಬೇಡಿ. ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮುಂದೆ ಡಿಸ್ಕ್ ಇರುವ ಗಾಡಿಗಳಲ್ಲಿ ಗುಂಡಿ ರಸ್ತೆ ದಾಟಿದ ಮೇಲೆ ಮಾತ್ರ ಮೊದಲ ತುಳಿತ ಖಾಲಿ ಹೋಗುತ್ತದಾ? ಹಾಗಾದರೆ ವೀಲ್ ಬೇರಿಂಗ್ ಆಟ ನೋಡಿ. ಗಾಲಿ ಅಲ್ಲಾಡಿ ಡಿಸ್ಕು ಪ್ಯಾಡನ್ನು ಹಿಂದಕ್ಕೆ ತಳ್ಳಿರುತ್ತದೆ.

ಸ್ಪಂಜಿನ ಹಾಗೆ ಪುಟಿಯುತ್ತದೆ

ಲೈನಿನಲ್ಲಿ ಗಾಳಿ ಸೇರಿದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದರೆ ಗಾಳಿ ಬಂದದ್ದು ಎಲ್ಲಿಂದ ಅಂತ ಕೇಳದೆ ಏರ್ ತೆಗೆದರೆ ವಾರಕ್ಕೆ ಮತ್ತೆ ಅದೇ ಕೆಲಸ. ಇತ್ತೀಚೆಗೆ ಬ್ರೇಕ್ ಕೆಲಸ ಮಾಡಿಸಿದ್ದರೆ ಏರ್ ಪೂರ್ತಿ ತೆಗೆಯದೆ ಬಿಟ್ಟಿರಬಹುದು. ಬಾಟಲಿ ಖಾಲಿಯಾಗಿ ಎಳೆದುಕೊಂಡಿರಬಹುದು. ಇವೆರಡೂ ಅಲ್ಲದಿದ್ದರೆ ಎಲ್ಲೋ ಸೋರುತ್ತಿದೆ, ಮುಂದಿನ ಭಾಗಕ್ಕೆ ಹೋಗಿ.

ಏರ್ ತೆಗೆಯಲು ಇಬ್ಬರು ಬೇಕು. ನಾನೂ ನನ್ನ ತಮ್ಮನೂ ಮಾಡುತ್ತೇವೆ. ಅವನು ಮೇಲೆ, ನಾನು ಕೆಳಗೆ. ಗಾಲಿಯ ಹಿಂದಿನ ನಿಪ್ಪಲ್ಲಿಗೆ (ಏರ್ ಬಿಡುವ ಸಣ್ಣ ಸ್ಕ್ರೂ) ಸಣ್ಣ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಳುಗಿರಬೇಕು. "ತುಳಿ" ಅಂದರೆ ಅವನು ತುಳಿದು "ಹಿಡಿದೀನಿ" ಅನ್ನುತ್ತಾನೆ. ನಾನು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ. ಟ್ಯೂಬಿನಲ್ಲಿ ಸಾಬಕ್ಕಿ ಕಾಳಿನಂಥಾ ಗುಳ್ಳೆ ಓಡುತ್ತವೆ. ಪೆಡಲ್ ಕೆಳಗೆ ಹೋಗುತ್ತದೆ, ಅಲ್ಲೇ ಇರಬೇಕು. ನಿಪ್ಪಲ್ ಬಿಗಿದು "ಬಿಡು" ಅಂದ ಮೇಲಷ್ಟೇ ಅವನು ಕಾಲು ತೆಗೆಯಬೇಕು. ಮುಂಚೆ ತೆಗೆದರೆ ಬಂದ ಗಾಳಿ ವಾಪಸ್ ಒಳಗೆ. ಗುಳ್ಳೆ ನಿಲ್ಲುವವರೆಗೂ ಇದೇ ಮಂತ್ರ. ನಡುನಡುವೆ ಮೇಲಿನ ಬಾಟಲಿ ತುಂಬಿಸುವುದನ್ನು ಮರೆತರೆ ಮಾಡಿದ್ದೆಲ್ಲ ವ್ಯರ್ಥ, ಮೊದಲಿಂದ ಶುರು.

ಸಾಮಾನ್ಯವಾಗಿ ಮಾಸ್ಟರಿನಿಂದ ದೂರದ ಗಾಲಿ ಮೊದಲು. ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಹಾಗಾಗಿ ಹಿಂದಿನ ಎಡ ಗಾಲಿ. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ. ಹಿಂದಿನ ಹೌಸಿಂಗ್ (ಆಕ್ಸಲ್) ಹತ್ತಿರ ಲೋಡಿಗೆ ತಕ್ಕಂತೆ ಪ್ರೆಶರ್ ಕೊಡುವ ವಾಲ್ವ್ ಇದ್ದರೆ ಹಿಂದಿನ ಗಾಲಿ ನೆಲದ ಮೇಲೇ ಇರಲಿ. ಹೌಸಿಂಗ್ ನೇತಾಡಿದರೆ ಗಾಡಿ ಖಾಲಿ ಇದೆ ಅಂದುಕೊಂಡು ಅದು ಆಯಿಲ್ ಕಡಿಮೆ ಬಿಡುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲನ್ನು ನೆಲಕ್ಕೆ ಮುಟ್ಟಿಸಬೇಡಿ, ಕೆಳಗೊಂದು ಮರದ ತುಂಡು ಇಡಿ. ಒಳಗಿನ ರಬ್ಬರ್ ಕಪ್ಪು ಯಾವತ್ತೂ ಹೋಗದ ಜಾಗದಲ್ಲಿ ತುಕ್ಕು ಇರುತ್ತದೆ. ಅಲ್ಲಿ ಉಜ್ಜಿ ಹರಿದರೆ ಇಲ್ಲದ ರೋಗ ನಾವೇ ತಂದಂತೆ. ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಕೆಲವಕ್ಕೆ ಏರ್ ತೆಗೆಯಲು ಕಂಪ್ಯೂಟರ್ ಹಾಕಬೇಕಾಗುತ್ತದೆ, ಅದು ಮನೆ ಮುಂದೆ ಆಗುವ ಕೆಲಸ ಅಲ್ಲ.

ಗುಳ್ಳೆ ಒಂದೂ ಬರುತ್ತಿಲ್ಲ, ಆದರೂ ಪುಟಿಯುತ್ತದೆ ಅಂದರೆ ರಬ್ಬರ್ ಹೋಸ್ ಹಿಡಿದು ನೋಡಿ. ಒಬ್ಬರು ಜೋರಾಗಿ ತುಳಿಯಲಿ, ನೀವು ಹೋಸನ್ನು ಬೆರಳಲ್ಲಿ ಸುತ್ತಿ ಹಿಡಿಯಿರಿ. ಹಾವು ಉಸಿರೆಳೆದ ಹಾಗೆ ಉಬ್ಬಿದರೆ ಹೋಸ್ ಮುಗಿದಿದೆ. ನಮ್ಮ ಬಿಸಿಲಿಗೆ ಹೊರಗೂ ಬಿರುಕು ಬಿಡುತ್ತದೆ. ಬಗ್ಗಿಸಿ ನೋಡಿದರೆ ಬಿರುಕು ಕಾಣುತ್ತದೆ.

ಒತ್ತಿ ಹಿಡಿದರೆ ನಿಧಾನವಾಗಿ ಇಳಿಯುತ್ತದೆ

ಇಲ್ಲಿ ನನ್ನ ಕಥೆ. ಪೆಡಲ್ ಜಾರುತ್ತಿತ್ತು. ಗ್ಯಾರೇಜಿನಲ್ಲಿ ಒಂದು ಸುತ್ತು ನೋಡಿ "ಮಾಸ್ಟರ್ ಹೋಗೈತ್ರಿ" ಅಂದರು. ಗಾಲಿ ಯಾವುದೂ ಒದ್ದೆ ಇರಲಿಲ್ಲ, ನಾನೂ ಒಪ್ಪಿದೆ. ಹೊಸ ಮಾಸ್ಟರ್ ಹಾಕಿ ಏರ್ ತೆಗೆದರು. ಪೆಡಲ್ ಕಲ್ಲಿನಂತೆ ಆಯಿತು. ನಾಲ್ಕು ದಿನ. ಐದನೇ ದಿನ ಮತ್ತೆ ಜಾರಿತು. ಈಗ ಅನ್ನಿಸುತ್ತದೆ, ಆ ನಾಲ್ಕು ದಿನ ಹಿಡಿದದ್ದು ಹೊಸ ಮಾಸ್ಟರಿನಿಂದ ಅಲ್ಲ. ಆಯಿಲ್ ತುಂಬಿಸಿ ಏರ್ ತೆಗೆದದ್ದರಿಂದ.

ವಯಸ್ಸಾದ ಒಬ್ಬ ಮಿಸ್ತ್ರಿ ಏನೂ ಮಾತಾಡದೆ ಹಿಂದಿನ ಎಡ ಡ್ರಮ್ ಬಿಚ್ಚಿದರು. ಒಳಗೆ ಕುಂಕುಮ ಕಲಸಿದ ಹಾಗೆ ಕೆಂಪು ರಾಡಿ. ಅದಿರಿನ ಧೂಳು ಸೋರಿದ ಆಯಿಲ್ಲನ್ನೆಲ್ಲ ಕುಡಿದು ಹೊರಗೆ ಒಂದು ಹನಿ ಬರದಂತೆ ಮುಚ್ಚಿಟ್ಟಿತ್ತು. ವೀಲ್ ಸಿಲಿಂಡರಿನ (ಲೈನರನ್ನು ಡ್ರಮ್ಮಿಗೆ ತಳ್ಳುವ ಭಾಗ) ರಬ್ಬರ್ ಟೊಪ್ಪಿಗೆಯ ಅಂಚನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದರು. ಅರ್ಧ ಚಮಚೆ ಆಯಿಲ್ ಕೆಳಗೆ ಬಿತ್ತು. "ನಿಮ್ಮ ಮಾಸ್ಟರ್ ಚಲೋನ ಇತ್ತೇನೋ ಸಾವುಕಾರ್ರ" ಅಂದರು. ನಾನು ಏನೂ ಅನ್ನಲಿಲ್ಲ.

ಹಾಗಾಗಿ ಹುಡುಕುವ ಕ್ರಮ ಹೀಗಿರಲಿ. ರಾತ್ರಿ ಗಾಲಿಗಳ ಕೆಳಗೆ, ಮಾಸ್ಟರಿನ ನೇರ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ಕಲೆ ನೋಡಿ. ಟೈರಿನ ಒಳಮುಖ ಸವರಿ. ಒದ್ದೆ ಇದ್ದರೆ ಅದು ಬ್ರೇಕ್ ಆಯಿಲ್ಲೋ ಹೌಸಿಂಗಿನ ಗೇರ್ ಆಯಿಲ್ಲೋ ಅಂತ ಗೊತ್ತಾಗಬೇಕು. ಒಂದು ಲೋಟ ನೀರಿಗೆ ಒಂದು ಹನಿ ಬಿಡಿ. ಬ್ರೇಕ್ ಆಯಿಲ್ ನೀರಲ್ಲಿ ಕರಗುತ್ತದೆ. ಗೇರ್ ಆಯಿಲ್ ಮೇಲೆ ತೇಲುತ್ತದೆ, ಗಂಧಕದ ವಾಸನೆಯೂ ಬರುತ್ತದೆ. ಆಮೇಲೆ ಚಾಸಿ ಉದ್ದಕ್ಕೂ ಕಬ್ಬಿಣದ ಪೈಪು, ಕ್ಲಿಪ್ ಸಡಿಲವಾಗಿ ಉಜ್ಜುವ ಜಾಗ, ಹೌಸಿಂಗ್ ಮೇಲಿನ ಜಾಯಿಂಟು. ಕೊನೆಗೆ ಡ್ರಮ್ ಒಳಗೆ. ಟೊಪ್ಪಿಗೆಯ ಕೆಳಗೆ ಸ್ವಲ್ಪ ತೇವ ಇದ್ದರೆ ಪರವಾಗಿಲ್ಲ, ಹನಿ ಬೀಳುವಂತಿಲ್ಲ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬೇಡ. ಎರಡೂ ಬದಿಯದ್ದು ಒಟ್ಟಿಗೆ ಬದಲಿಸಿ.

ಹೊರಗೆಲ್ಲೂ ಒಂದು ಹನಿ ಇಲ್ಲ, ಬಾಟಲಿಯೂ ಇಳಿಯುತ್ತಿಲ್ಲ, ಆದರೂ ಜಾರುತ್ತದೆ. ಈಗ ಮಾಸ್ಟರ್ ಮೇಲೆ ಅನುಮಾನ ಪಡಿ. ಒಳಗಿನ ಕಪ್ಪು ಸವೆದು ಆಯಿಲ್ ಮುಂದಕ್ಕೆ ಹೋಗದೆ ಹಿಂದಕ್ಕೇ ಜಾರುತ್ತಿದೆ. ಮೆಲ್ಲಗೆ ಒತ್ತಿದರೆ ಇಳಿಯುತ್ತದೆ, ಜೋರಾಗಿ ಒತ್ತಿದರೆ ನಿಲ್ಲುತ್ತದೆ ಅನ್ನುವುದು ಇದರ ಪಕ್ಕಾ ಗುರುತುಗಳಲ್ಲಿ ಒಂದು. ಮಾಸ್ಟರಿನ ಬಾಯಿಗಳಿಗೆ ಸರಿಯಾದ ಪ್ಲಗ್ ಹಾಕಿ ತುಳಿದು ನೋಡಿದರೆ ಖಾತ್ರಿ ಆಗುತ್ತದೆ, ಅದು ಮಿಸ್ತ್ರಿ ಕೆಲಸ. ಪ್ಲಗ್ ಹಾಕಿದರೂ ಜಾರಿದರೆ ತಪ್ಪು ಮಾಸ್ಟರಿನದೇ. ಒಳಗೆ ಬೆರಳಿಗೆ ಸಿಗುವಷ್ಟು ತುಕ್ಕಿನ ಚುಕ್ಕೆ ಇದ್ದರೆ ರಬ್ಬರ್ ಕಿಟ್ ಹಾಕಿ ಪ್ರಯೋಜನ ಇಲ್ಲ, ಪೂರ್ತಿ ಹೊಸದೇ ಬೇಕು.

ಬಾಟಲಿ ಇಳಿಯುತ್ತದೆ, ಹೊರಗೆ ಕಾಣುವುದಿಲ್ಲ ಅಂದರೆ ಮಾಸ್ಟರ್ ಮತ್ತು ಬೂಸ್ಟರ್ ಸೇರುವ ಜಾಗ ನೋಡಿ. ಹಿಂದಿನ ಸೀಲಿನಿಂದ ಆಯಿಲ್ ಬೂಸ್ಟರಿನ ಹೊಟ್ಟೆಗೆ ಹೋಗುತ್ತಿರಬಹುದು. ಅಲ್ಲಿ ಪೇಂಟ್ ಎದ್ದು ಬಂದಿದ್ದರೆ ಅದೇ ಸಾಕ್ಷಿ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ಪೆಡಲ್ ಅರ್ಧಕ್ಕಿಂತ ಕೆಳಗೆ ದಡಕ್ಕನೆ ಹೋಗಿ ಅಲ್ಲಿ ನಿಂತರೆ? ಮಾಸ್ಟರಿನಲ್ಲಿ ಎರಡು ಲೈನ್ ಇರುತ್ತವೆ, ಒಂದು ಹೋಗಿದೆ. ಉಳಿದ ಒಂದು ನಿಮ್ಮನ್ನು ರಸ್ತೆ ಪಕ್ಕಕ್ಕೆ ತರಲಿಕ್ಕೆ ಮಾತ್ರ. ಬಾಡಿಗೆ ಮುಗಿಸಲಿಕ್ಕೆ ಅಲ್ಲ.

ತಣ್ಣಗಿದ್ದಾಗ ಸರಿ, ಇಳಿಜಾರಲ್ಲಿ ಮೆತ್ತಗೆ

ಮೋಸದ ಲಕ್ಷಣ ಇದು. ಗ್ಯಾರೇಜಿಗೆ ತರುವಷ್ಟರಲ್ಲಿ ಪೆಡಲ್ ಸರಿಯಾಗಿರುತ್ತದೆ. ಕಾರಣ ಹಳೆ ಆಯಿಲ್ಲಿನ ನೀರು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಲೆಕ್ಕ. ತೇವ ಕುಡಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ 230 ಇದ್ದದ್ದು 155. ಲೋಡ್ ಗಾಡಿಯನ್ನು ಬ್ರೇಕ್ ಮೇಲೇ ಗುಡ್ಡ ಇಳಿಸಿದರೆ ಆ ಬಿಸಿ ಕಷ್ಟವೇನಲ್ಲ, ಅದರಲ್ಲೂ ಮೇ ತಿಂಗಳ ಬಿಸಿಲಲ್ಲಿ. ಆಯಿಲ್ ಕುದ್ದು ಆವಿ ಆಗುತ್ತದೆ, ಆವಿ ಗಾಳಿಯ ಹಾಗೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ. ಆರಿದರೆ ಮತ್ತೆ ಆಯಿಲ್.

ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದೆ, ಸುಟ್ಟ ವಾಸನೆ ಬಂದರೆ ಅದು ಲೈನರ್ ಕಾದದ್ದು. ಎರಡಕ್ಕೂ ಆ ಹೊತ್ತಿನ ಮದ್ದು ಒಂದೇ. ನಿಲ್ಲಿಸಿ, ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಆಯಿಲ್ ಪೂರ್ತಿ ಬದಲಿಸಿ. ಪುಸ್ತಕದಲ್ಲಿ ಬೇರೆ ಹೇಳದಿದ್ದರೆ ನಾನು 2 ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಗುಡ್ಡ ಹತ್ತಿದ ಗೇರಿನಲ್ಲೇ ಇಳಿಯುವುದು ಹಳೆ ಡ್ರೈವರುಗಳ ಪದ್ಧತಿ, ಅದು ಸುಮ್ನೆ ಬಂದದ್ದಲ್ಲ.

ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ ಒತ್ತಲಿಕ್ಕೇ ಆಗದಿದ್ದರೆ ಅದು ಬೂಸ್ಟರ್, ವ್ಯಾಕ್ಯೂಮ್ ಪಂಪಿನ ವಿಷಯ. ಇಲ್ಲಿ ಬೇಡ.

ಎಲ್ಲಿಗೆ ಕೈ ಬಿಡಬೇಕು

ಬಾಟಲಿ, ಕಾಲಿನ ಪರೀಕ್ಷೆ, ಟೈರಿನ ಒಳಮುಖ, ಹೋಸು. ಇಷ್ಟು ಯಾರಾದರೂ ನೋಡಬಹುದು. ಲೈನರ್ ಅಡ್ಜಸ್ಟು, ಏರ್ ತೆಗೆಯುವುದು ಒಮ್ಮೆ ಗೊತ್ತಿದ್ದವರ ಜೊತೆ ಮಾಡಿ ಕಲಿತಿದ್ದರೆ ಸರಿ. ಪೈಪ್ ಒಡೆದಿದ್ದರೆ, ಮಾಸ್ಟರ್ ಬಿಚ್ಚಬೇಕಿದ್ದರೆ, ಏರ್ ತೆಗೆದ ಮೇಲೂ ಪೆಡಲ್ ಬರದಿದ್ದರೆ ಮಿಸ್ತ್ರಿಯನ್ನು ಗಾಡಿ ಹತ್ತಿರ ಕರೆಸಿ. ಗಾಡಿಯನ್ನು ಅವರ ಹತ್ತಿರ ಓಡಿಸಿಕೊಂಡು ಹೋಗಬೇಡಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ, ಹಿಂದಿನ ಗಾಡಿಗೆ ಬ್ರೇಕ್ ಇಲ್ಲ ಅಂದರೆ ಅದು ನೇರ ಮುಂದಿನದಕ್ಕೆ ಗುದ್ದುತ್ತದೆ. ಭತ್ತದ ಚೀಲ ಬೇರೆ ಗಾಡಿಗೆ ಏರಿಸಿ. ಹಮಾಲಿ ಖರ್ಚು ಬರುತ್ತದೆ, ಬರಲಿ.

ಆಯಿಲ್ ಕಣ್ಣಿಗೆ ಸಿಡಿದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಹೊತ್ತಿಕೊಳ್ಳಬಹುದು.

ರಿಪೇರಿ ಆದ ಮೇಲೆ ಎಂಜಿನ್ ಆನ್ ಮಾಡಿ, ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿದು, ಎಲ್ಲ ಜಾಯಿಂಟು ಇನ್ನೊಮ್ಮೆ ನೋಡಿ. ಆಮೇಲೆ ಖಾಲಿ ಮೈದಾನದಲ್ಲಿ ನಡಿಗೆ ವೇಗದಲ್ಲಿ, ಆಮೇಲೆ ಖಾಲಿ ಗಾಡಿ ರಸ್ತೆಯಲ್ಲಿ, ಆಮೇಲೆ ಲೋಡು. ಬಾಟಲಿಯ ಮೇಲೆ ಅವತ್ತಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ನಮ್ಮ ಗಾಡಿಯಲ್ಲಿ ಈಗ ಅಂಥ ಮೂರು ಗೆರೆ ಇವೆ. ವಾರಕ್ಕೊಮ್ಮೆ ಕ್ಲೀನರ್ ಹುಡುಗ ಟಾರ್ಚ್ ಹಿಡಿದು ನೋಡುತ್ತಾನೆ. ಗೆರೆಯಿಂದ ಒಂದು ಬೆರಳು ಕೆಳಗೆ ಇದ್ದರೆ ಅವತ್ತು ಲೋಡು ಇಲ್ಲ, ಹಿಂದಿನ ಎಡ ಡ್ರಮ್ಮಿನಿಂದ ಮತ್ತೆ ಶುರು.